ಉಟ್ಟುಕೊಳ್ಳುವ ದೋಣಿ

ದೋಣಿಗಳಲ್ಲಿ ಹೆಚ್ಚಿನವು ಹತ್ತಿ ಕೂರುವಂಥವು. ಕಯಾಕ್ ಮಾತ್ರ ಉಟ್ಟುಕೊಳ್ಳುವಂಥದ್ದು. ಉತ್ತರ ಧ್ರುವದ ಸುತ್ತಲಿನ ತಣ್ಣನೆಯ ಕಡಲುಗಳಲ್ಲಿ ಸೀಲ್ ಬೇಟೆಯಾಡಿ ಬದುಕಿದ ಇನ್ಯುಯಿಟ್ ಜನರು, ತೇಲಿಬಂದ ಮರದಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರ ಕಟ್ಟಿ, ಅದಕ್ಕೆ ಸೀಲ್ ಚರ್ಮವನ್ನು ಬಿಗಿದು ಹೊಲಿದು, ನಡುವೆ ಒಬ್ಬನ ಸೊಂಟ ತೂರುವಷ್ಟೇ ಬಾಯಿ ಬಿಟ್ಟು ಈ ದೋಣಿಯನ್ನು ಮಾಡುತ್ತಿದ್ದರು. ಗ್ರೀನ್‌ಲ್ಯಾಂಡಿನ ರೂಢಿಯಲ್ಲಿ ಅದರ ಅಳತೆಯೂ ಒಡೆಯನ ಮೈಯಿಂದಲೇ ಬರುತ್ತಿತ್ತು: ಉದ್ದಕ್ಕೆ ಅವನ ಮೂರು ಮಾರು, ಬಾಯಿಯ ಅಗಲಕ್ಕೆ ಅವನ ಸೊಂಟದ ಜೊತೆಗೆ ಎರಡು ಮುಷ್ಟಿ, ಆಳಕ್ಕೆ ಒಂದು ಮುಷ್ಟಿ ಮತ್ತು ಚಾಚಿದ ಹೆಬ್ಬೆರಳು. ಮಾರು, ಮೊಳ, ಗೇಣುಗಳಲ್ಲಿ ಬಾವಿಯ ಹಗ್ಗವನ್ನೂ ಹೂವಿನ ಮಾಲೆಯನ್ನೂ ಅಳೆಯುತ್ತ ಬಂದ ಕನ್ನಡ ನಾಡಿಗೆ ಈ ಲೆಕ್ಕ ಅಪರಿಚಿತವೆನಿಸದು. ಇಂದಿನ ಪ್ಲಾಸ್ಟಿಕ್ ಕಯಾಕುಗಳು ಯಾರ ಮೈಯನ್ನೂ ಅಳೆಯದೆ ಅಚ್ಚಿನಿಂದ ಹೊರಬರುತ್ತವೆಯಾದರೂ, ಅವುಗಳಲ್ಲಿ ಕಲಿಯುವವರ ಮೊದಲ ಪಾಠ ಈಗಲೂ ಅಳತೆಯದ್ದೇ. ಪಾದವನ್ನು ಒತ್ತಿ ಹಿಡಿಯುವ ಮೆಟ್ಟುಗಳನ್ನು ಕಾಲಿನ ಉದ್ದಕ್ಕೆ ಸರಿಸಿಕೊಳ್ಳುವುದು, ಬೆನ್ನಿನ ಪಟ್ಟಿಯನ್ನು ಬಿಗಿಮಾಡುವುದು, ಮೊಣಕಾಲುಗಳು ದೋಣಿಯ ಒಳಮೈಗೆ ತಾಗುತ್ತವೆಯೇ ಎಂದು ನೋಡುವುದು, ಇವೆಲ್ಲ ದಡದ ಮೇಲೆಯೇ ಮುಗಿಯಬೇಕು.

ಕಯಾಕ್ ಮತ್ತು ಕನೂ ಎಂಬ ಎರಡು ಹೆಸರುಗಳು ಮಾತಿನಲ್ಲಿ ಆಗಾಗ ಕಲಸಿಹೋಗುತ್ತವೆ. ಕನೂ ನಡೆಸುವವರು ಮಂಡಿಯೂರಿಯೋ ಎತ್ತರದ ಹಲಗೆಯ ಮೇಲೆ ಕುಳಿತೋ ಒಂದೇ ಅಲಗಿನ ಹುಟ್ಟನ್ನು ಬಳಸಿದರೆ, ಕಯಾಕ್ ನಡೆಸುವವರು ನೀರಿನ ಮಟ್ಟಕ್ಕೆ ಸಮೀಪದಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಎಡಬಲಗಳಲ್ಲಿ ಸರದಿಯಂತೆ ಇಳಿಸುತ್ತಾರೆ. ಕಯಾಕಿನಲ್ಲಿಯೂ ಎರಡು ಬಗೆಗಳಿವೆ. ಒಂದು, ದೋಣಿಯ ಬಾಯಿಯೊಳಗೆ ಕಾಲಿಳಿಸಿ ಕೂರುವಂಥದ್ದು. ಇನ್ನೊಂದು, ಮುಚ್ಚಿದ ಮೈಯ ಮೇಲೆ ಮಾಡಿದ ತಗ್ಗಿನಲ್ಲಿ ಕೂರುವಂಥದ್ದು, ಇದರಲ್ಲಿ ಒಳಬಂದ ನೀರು ತಳಕ್ಕೆ ಕೊರೆದ ತೂತುಗಳಿಂದ ತಾನಾಗಿ ಬಸಿದುಹೋಗುತ್ತದೆ. ಪ್ರವಾಸಿಗರಿಗೆ ಸಾಮಾನ್ಯವಾಗಿ ಕೊಡುವುದು ಎರಡನೆಯದನ್ನು, ಮತ್ತು ಅದು ಅಪಾಯ ಕಡಿಮೆಯಿರುವ ಒಳ್ಳೆಯ ಆಯ್ಕೆಯೂ ಹೌದು. ಆದರೂ ಈ ಕಲೆಯ ಪೂರ್ತಿ ಸವಿಯನ್ನು ಬಯಸುವವರು ಮೊದಲ ಬಗೆಯದನ್ನು, ಅದರಲ್ಲಿಯೂ ಒಬ್ಬರೇ ಕೂರುವಂಥದ್ದನ್ನು ಆರಿಸಿಕೊಳ್ಳುವುದು ಮೇಲು. ಇಬ್ಬರ ದೋಣಿಯಲ್ಲಿ ತಪ್ಪು ಯಾರದೆಂದು ನೀರು ತಿಳಿಸುವುದಿಲ್ಲ.

ಇಂಥ ಕಲಿಕೆಗೆ ನಿಂತ ನೀರೂ ಬೇಕು, ಉಬ್ಬರವಿಳಿತದ ನೀರೂ ಬೇಕು. ಈ ಎರಡನ್ನೂ ತನ್ನೊಳಗೆ ಇಟ್ಟುಕೊಂಡಿರುವ ನದಿಯೊಂದು ಕರ್ನಾಟಕದಲ್ಲಿಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಶರಾವತಿ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಗುಡ್ಡಗಳ ನಡುವೆ ಕವಲೊಡೆದು ಹರಡಿ ನಿಂತಿದೆ. ಆ ಹಿನ್ನೀರಿನ ದಡದಲ್ಲಿರುವ ಸಾಗರ ತಾಲ್ಲೂಕಿನ ಹೊನ್ನೇಮರಡು ಕಯಾಕ್, ಕನೂ, ಹರಿಗೋಲುಗಳ ಕಲಿಕೆಗೆ ಹೆಸರಾದ ಸ್ಥಳ. ಬೆಳಗಿನ ಮಂಜು ಕರಗುವ ಹೊತ್ತಿಗೆ ಅಲ್ಲಿನ ನೀರು ಅಲುಗದೆ ಗುಡ್ಡಗಳನ್ನು ತಲೆಕೆಳಗಾಗಿ ಹಿಡಿದಿರುತ್ತದೆ. ಅಷ್ಟು ಶಾಂತವಾದ ನೀರಿನ ಅಡಿಯಲ್ಲಿ ಮುಳುಗಡೆಯಾದ ಊರುಗಳ ಗದ್ದೆ, ತೋಟ, ಮನೆಯಂಗಳಗಳಿವೆ ಎಂಬುದನ್ನು ಕಲಿಯಲು ಬಂದವರು ತಿಳಿದಿರುವುದು ಒಳ್ಳೆಯದು. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಒಣಮರಗಳ ಬೊಡ್ಡೆಗಳು ತಲೆಯೆತ್ತುತ್ತವೆ, ಮತ್ತು ಅವುಗಳಲ್ಲಿ ಕೆಲವು ನೀರಿನ ಮೇಲ್ಮೈಗಿಂತ ಒಂದು ಗೇಣು ಕೆಳಗೆ ಕಾಣದಂತೆ ನಿಂತಿರುತ್ತವೆ.

ದೋಣಿ ನೀರಿಗಿಳಿದ ಮೇಲೆ ಮೊದಲು ಕಲಿಯಬೇಕಾದುದು ಮುಂದೆ ಸಾಗುವುದನ್ನಲ್ಲ, ಸುಮ್ಮನೆ ಕೂರುವುದನ್ನು. ಹೊಸಬರ ಮೈ ದೋಣಿಯ ಪ್ರತಿ ಓಲಾಟಕ್ಕೂ ಬಿಗಿಯಾಗುತ್ತದೆ. ಬಿಗಿಯಾದ ಮೈ ದೋಣಿಯೊಡನೆ ಒಂದೇ ದಿಮ್ಮಿಯಂತೆ ವಾಲುತ್ತದೆ, ಹಾಗೆ ವಾಲಿದ ತಲೆಯ ಭಾರವೇ ದೋಣಿಯನ್ನು ಮಗುಚುತ್ತದೆ. ಆದ್ದರಿಂದ ಗುರುವಾದವರು ಸೊಂಟದ ಮೇಲಿನ ಮೈಯನ್ನು ನೆಟ್ಟಗೆ ಇರಿಸಿ, ಸೊಂಟವನ್ನು ಮಾತ್ರ ಸಡಿಲ ಬಿಟ್ಟು, ದೋಣಿಯನ್ನು ಎಡಕ್ಕೂ ಬಲಕ್ಕೂ ಬೇಕೆಂದೇ ಓಲಾಡಿಸಲು ಹೇಳುತ್ತಾರೆ. ದೋಣಿಯ ಸ್ಥಿರತೆಯಲ್ಲಿ ಎರಡು ವಿಧಗಳಿವೆ ಎಂಬುದು ಆಗ ಮೈಗೆ ತಿಳಿಯುತ್ತದೆ. ಸಮತಟ್ಟಾಗಿ ಕುಳಿತಾಗ ಅಲುಗದಂತಿರುವುದು ಪ್ರಾಥಮಿಕ ಸ್ಥಿರತೆ. ಒಂದು ಮಗ್ಗುಲಿಗೆ ವಾಲಿದ ಮೇಲೂ ಅಲ್ಲಿಯೇ ಆತು ನಿಲ್ಲುವುದು ದ್ವಿತೀಯ ಸ್ಥಿರತೆ. ಅಗಲವಾದ, ಚಪ್ಪಟೆ ತಳದ ದೋಣಿಯಲ್ಲಿ ಮೊದಲನೆಯದು ಹೆಚ್ಚು. ಕಡಲಿಗೆಂದು ಮಾಡಿದ, 5 ಮೀಟರಿಗೂ ಮಿಕ್ಕಿದ ಉದ್ದದ ಕಿರಿದಾದ ಕಯಾಕಿನಲ್ಲಿ ಕುಳಿತ ಕೂಡಲೇ ನಡುಕ ಹುಟ್ಟುತ್ತದೆ, ಆದರೆ ಅಲೆಯ ಇಳಿಜಾರಿನಲ್ಲಿ ಅದೇ ದೋಣಿ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ಈ ನಡುಕವನ್ನು ದೋಣಿಯ ದೋಷವೆಂದು ತಿಳಿಯದೆ ಅದರ ಮಾತೆಂದು ಕೇಳಿಸಿಕೊಳ್ಳುವ ಗಳಿಗೆಯಲ್ಲಿ, ಅದು ಯಾವ ದಿನ ಯಾವ ಗಂಟೆಗೆ ಬರುತ್ತದೆಂದು ಹೇಳಲಾಗದಿದ್ದರೂ, ದೋಣಿಯು ಉಡುಪಾಗುತ್ತದೆ.

ಹುಟ್ಟಿನ ಪಾಠ ಇನ್ನೂ ಸೂಕ್ಷ್ಮವಾದದ್ದು, ಮತ್ತು ಇಡೀ ಕಲಿಕೆಯಲ್ಲಿ ಅತ್ಯಂತ ರುಚಿಯಾದದ್ದು. ಸಾಮಾನ್ಯವಾಗಿ 210ರಿಂದ 230 ಸೆಂಟಿಮೀಟರ್ ಉದ್ದವಿರುವ ಹುಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು, ಮೊಣಕೈಗಳು ಲಂಬಕೋನದಲ್ಲಿ ಮಡಿಯುವಂತೆ ಹಿಡಿದರೆ ಕೈಗಳ ನಡುವಣ ಅಂತರ ಗೊತ್ತಾಗುತ್ತದೆ. ಹಿಡಿತ ಹಗುರವಾಗಿರಬೇಕು, ಬಿಗಿಹಿಡಿದವರ ಅಂಗೈಯಲ್ಲಿ ಒಂದೆರಡು ಗಂಟೆಗಳಲ್ಲಿ ಬೊಬ್ಬೆಗಳೇಳುತ್ತವೆ. ಹೊಸಬರು ತೋಳಿನ ಬಲದಿಂದ ನೀರನ್ನು ಹಿಂದಕ್ಕೆ ತಳ್ಳಲು ಹೊರಡುತ್ತಾರೆ. ನಿಜದಲ್ಲಿ ನಡೆಯಬೇಕಾದುದು ಬೇರೆ: ಪಾದದ ಬಳಿಯಲ್ಲಿ ಅಲಗನ್ನು ಪೂರ್ತಿ ಮುಳುಗುವಂತೆ ನೆಟ್ಟು, ನೆಟ್ಟ ಆ ಗೂಟದತ್ತ ದೋಣಿಯನ್ನೇ ಎಳೆದುಕೊಂಡು, ಸೊಂಟದ ನೇರಕ್ಕೆ ಬಂದೊಡನೆ ಅಲಗನ್ನು ಹೊರತೆಗೆಯಬೇಕು. ಎಳೆತದ ಬಲ ಹುಟ್ಟುವುದು ತೋಳಿನಲ್ಲಲ್ಲ, ಮುಂಡದ ತಿರುವಿನಲ್ಲಿ. ಕಂಬಕ್ಕೆ ಕಟ್ಟಿದ ಕಡೆಗೋಲಿನ ಹಗ್ಗವನ್ನು ಎಡಗೈ ಬಲಗೈಗಳಲ್ಲಿ ಹಿಡಿದು ಮೊಸರು ಕಡೆಯುವವರ ಬೆನ್ನನ್ನು ನೆನೆದರೆ ಈ ಚಲನೆ ಸುಲಭವಾಗಿ ತಿಳಿಯುತ್ತದೆ: ಒಂದು ಭುಜ ಹಿಂದೆ ಸರಿಯುವಾಗ ಇನ್ನೊಂದು ತಾನಾಗಿ ಮುಂದೆ ಬರುತ್ತದೆ, ನಡು ತಿರುಗುತ್ತದೆ, ತೋಳುಗಳು ಹಗ್ಗವನ್ನು ಹಿಡಿದಿರುತ್ತವೆ ಅಷ್ಟೆ. ಎಳೆಯುವ ಬದಿಯ ಪಾದವನ್ನು ಮೆಟ್ಟಿಗೆ ಒತ್ತಿದಾಗ ಆ ತಿರುವಿನ ಬಲ ದೋಣಿಯ ಮೈಗೆ ವರ್ಗವಾಗುತ್ತದೆ, ದಡದ ಮೇಲಿನ ಅಳತೆಯ ಉಪಯೋಗ ತಿಳಿಯುವುದೂ ಆಗಲೇ. ಸರಿಯಾಗಿ ನೆಟ್ಟ ಅಲಗು ಸದ್ದು ಮಾಡುವುದಿಲ್ಲ. ನೀರು ಚಿಮ್ಮಿತೆಂದರೆ ಅಷ್ಟು ಶ್ರಮ ಗಾಳಿಗೆ ಹೋಯಿತೆಂದೇ ಅರ್ಥ. ಎತ್ತಿದ ಅಲಗಿನ ತುದಿಯಿಂದ ತೊಟ್ಟಿಕ್ಕುವ ಹನಿಗಳ ಸಣ್ಣ ಸದ್ದೊಂದನ್ನೇ ಉಳಿಸಿಕೊಂಡು ದೋಣಿ ಜಾರುವಾಗ, ಹಿಂದೆ ತಿರುಗಿ ನೋಡಿದರೆ ಎಡಕ್ಕೊಂದು ಬಲಕ್ಕೊಂದು ಸುಳಿಯುಂಗುರಗಳು ಸಮದೂರದಲ್ಲಿ ಸಾಲಾಗಿ ಬಿಡಿಸಿಕೊಂಡಿರುತ್ತವೆ. ಅಂಥ ಹತ್ತು ಜೊತೆ ಉಂಗುರಗಳಿಗಾಗಿ ಒಂದು ಇಡೀ ಬೆಳಗು ತಪ್ಪು ಮಾಡುತ್ತ ಕಳೆಯುವುದು ಖಂಡಿತ ನಷ್ಟವಲ್ಲ.

ತಿರುಗಿಸಲು ಬೇಕಾದುದು ಬೀಸುಹುಟ್ಟು, ಅಂದರೆ ಅಲಗನ್ನು ಪಾದದ ಬಳಿಯಿಂದ ಹೊರಟು ಹಿಂಬದಿಯವರೆಗೆ ದೊಡ್ಡ ಕಮಾನಿನಂತೆ ಎಳೆಯುವುದು. ಇದು ಬೇಗ ಒಲಿಯುತ್ತದೆ. ತಡವಾಗಿ ಅರ್ಥವಾಗುವುದು ಗಾಳಿಯ ನಡತೆ. ಅಡ್ಡಗಾಳಿಯಲ್ಲಿ ಸಾಗುವ ಕಯಾಕ್, ನಡೆಸುವವರ ಇಚ್ಛೆಗೆ ವಿರುದ್ಧವಾಗಿ ತನ್ನ ಮೂತಿಯನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸುತ್ತದೆ. ಮುಂದೆ ಸಾಗುವ ದೋಣಿಯ ಮೂತಿಯನ್ನು ಎದುರಿನ ನೀರು ಎರಡೂ ಬದಿಗಳಿಂದ ಒತ್ತಿ ಹಿಡಿದಿರುವುದರಿಂದ, ಅಷ್ಟು ಹಿಡಿತವಿಲ್ಲದ ಹಿಂಬದಿಯನ್ನು ಗಾಳಿ ಸುಲಭವಾಗಿ ಪಕ್ಕಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಇದನ್ನು ತಡೆಯಲು ಕೆಲವು ದೋಣಿಗಳ ಹಿಂಬದಿಯ ತಳದಲ್ಲಿ ಸ್ಕೆಗ್ ಎಂಬ ಇಳಿಬಿಡುವ ರೆಕ್ಕೆಯಿರುತ್ತದೆ. ಸ್ಕೆಗ್ ತಿರುಗುವುದಿಲ್ಲವಾದ್ದರಿಂದ ಅದು ಚುಕ್ಕಾಣಿಯಲ್ಲ. ಹಿಂಬದಿಗೆ ನೀರಿನ ಹಿಡಿತ ಒದಗಿಸುವುದಷ್ಟೇ ಅದರ ಕೆಲಸ.

ಮಗುಚುವ ಭಯವನ್ನು ಮಗುಚಿಯೇ ಕಳೆಯಬೇಕು, ಬೇರೆ ದಾರಿಯಿಲ್ಲ. ದೋಣಿಯ ಬಾಯಿಗೂ ಸೊಂಟಕ್ಕೂ ನಡುವೆ ನೀರು ನುಗ್ಗದಂತೆ ಬಿಗಿಯುವ ಸ್ಪ್ರೇ ಸ್ಕರ್ಟ್ ಎಂಬ ಲಂಗದಂಥ ಹೊದಿಕೆಯನ್ನು ತೊಟ್ಟವರಿಗಂತೂ ಇದು ಕಡ್ಡಾಯ. ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಬಿಗಿದು, ಪಕ್ಕದಲ್ಲಿ ಗುರು ನಿಂತಿರುವಾಗ ಬೇಕೆಂದೇ ಮಗುಚಿ, ತಲೆಕೆಳಗಾಗಿ ಮುಂದಕ್ಕೆ ಬಾಗಿ, ಹೊದಿಕೆಯ ಮುಂತುದಿಯ ಕುಣಿಕೆಯನ್ನು ಎಳೆದು ಬಿಚ್ಚಿ, ಅಂಗೈಗಳನ್ನು ಸೊಂಟದ ಪಕ್ಕಕ್ಕೆ ಊರಿ, ಬಿಗಿಯಾದ ಚಲ್ಲಣವನ್ನು ಕಳಚಿದಂತೆ ದೋಣಿಯನ್ನು ಕಳಚಬೇಕು. ಇಷ್ಟಕ್ಕೆ ಕೆಲವೇ ಸೆಕೆಂಡುಗಳು ಸಾಕೆಂಬುದು ಎರಡನೆಯ ಸಲಕ್ಕೆ ಮನದಟ್ಟಾಗುತ್ತದೆ. ಅನಂತರ ಜೊತೆಗಾರರೊಬ್ಬರು ತಮ್ಮ ದೋಣಿಗೆ ಅಡ್ಡಲಾಗಿ ಮಗುಚಿದ ದೋಣಿಯ ಮೂತಿಯನ್ನು ಎಳೆದುಕೊಂಡು, ನೀರು ಬಸಿದು, ನೆಟ್ಟಗೆ ಮಾಡಿ ಹಿಡಿದುಕೊಂಡರೆ ಬಿದ್ದವರು ಮತ್ತೆ ಏರಬಹುದು. ದೋಣಿಯನ್ನು ಕಳಚದೆಯೇ ಹುಟ್ಟಿನ ಬೀಸು ಮತ್ತು ಸೊಂಟದ ಮಿಡಿತದಿಂದ ಒಂದು ಪೂರ್ತಿ ಉರುಳು ಉರುಳಿ ಮೇಲೇಳುವ ವಿದ್ಯೆಯೂ ಇದೆ. ಹಿಮದ ನೀರಿನಲ್ಲಿ ದೋಣಿಯಿಂದ ಹೊರಬೀಳುವುದು ಸಾವಿಗೆ ಸಮಾನವಾಗಿದ್ದ ಬೇಟೆಗಾರರು ಕಂಡುಕೊಂಡ ಈ ಉರುಳನ್ನು ಯುರೋಪಿನಲ್ಲಿ 1927ರಲ್ಲಿ ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ ತಾನಾಗಿ ಸಾಧಿಸಿದನು. ಹೊಸಬರಿಗೆ ಅದು ಇನ್ನೂ ದೂರದ ಮಾತು. ಆದರೆ ಅದರಲ್ಲಿಯೂ ತಲೆ ಕೊನೆಗೆ ಏಳಬೇಕು, ಸೊಂಟ ಮೊದಲು ಎಂಬ ನಿಯಮವಿದೆ.

ಹಿನ್ನೀರಿನಲ್ಲಿ ಮೈ ಇಷ್ಟು ಹದಗೊಂಡ ಮೇಲೆ ಘಟ್ಟವಿಳಿಯಬಹುದು. ವಿದ್ಯುದಾಗಾರಗಳಲ್ಲಿ ಚಕ್ರ ತಿರುಗಿಸಿದ ನೀರು ವರ್ಷವಿಡೀ ಕೆಳಗೆ ಹರಿದು ಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ನೆರೆಯ ಅಘನಾಶಿನಿ ನದಿಯ ಅಳಿವೆಗಿಂತ ಕಡಿಮೆ. ಮೇಲೆ ಹೊನ್ನೇಮರಡಿನಲ್ಲಿ ದೋಣಿಯನ್ನು ಹೊತ್ತ ನೀರೇ ಇಲ್ಲಿ ಕಡಲಿನೊಡನೆ ಬೆರೆಯುತ್ತ ಮತ್ತೆ ಹೊರುತ್ತದೆ. ಆದರೆ ಇಲ್ಲಿ ಅದು ನಿಲ್ಲದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿದಿನವೂ ಸುಮಾರು 50 ನಿಮಿಷ ತಡವಾಗಿ. ಏರುವ ಸುಮಾರು ಆರು ಗಂಟೆಗಳಲ್ಲಿ ನೀರು ಸಮನಾಗಿ ಏರುವುದೂ ಇಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯವುಗಳಲ್ಲಿ ಮೂರು ಮೂರು, ಅನಂತರ ಎರಡು, ಕೊನೆಗೆ ಒಂದು ಎಂಬ ಸ್ಥೂಲ ಲೆಕ್ಕವನ್ನು ನಾವಿಕರು ಇಟ್ಟುಕೊಂಡಿದ್ದಾರೆ. ನಡುವಣ ಎರಡು ಗಂಟೆಗಳಲ್ಲಿ ಸೆಳೆತ ಹೆಚ್ಚು ಎಂದು ಇದರಿಂದ ತಿಳಿಯಬೇಕು. ಹಿನ್ನೀರಿನಲ್ಲಿ ಗಡಿಯಾರದ ಅಗತ್ಯವಿರಲಿಲ್ಲ, ಇಲ್ಲಿ ಅದು ಹುಟ್ಟಿನಷ್ಟೇ ಮುಖ್ಯ.

ನೀರು ತುಂಬಿರುವಾಗ ಕಾಂಡ್ಲಾ ಕಾಡಿನ ಕವಲುಗಳೊಳಗೆ ನುಸುಳುವ ಸುಖಕ್ಕೆ ಹೋಲಿಕೆ ಸಿಗುವುದು ಕಷ್ಟ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಈ ಮರಗಳಲ್ಲಿ ಕೆಲವು ಕಮಾನಿನಂಥ ಊರುಗೋಲು ಬೇರುಗಳ ಮೇಲೆ ನಿಂತರೆ, ಕೆಲವು ಕೆಸರಿನಿಂದ ಪೆನ್ಸಿಲಿನ ಮೊನೆಗಳಂತೆ ಉಸಿರುಬೇರುಗಳನ್ನು ಮೇಲೆತ್ತಿರುತ್ತವೆ. ಕೆಲವುಗಳ ಬೀಜ ಮರದಲ್ಲಿಯೇ ಮೊಳೆತು ಹಸಿರು ಕೋಲಿನಂತೆ ನೇತಾಡುತ್ತದೆ. ಎಂಜಿನ್ನಿನ ಸದ್ದಿಲ್ಲದ ದೋಣಿಗೆ ಮಿಂಚುಳ್ಳಿ ಕೊಂಬೆ ಬಿಟ್ಟೇಳುವುದಿಲ್ಲ. ಕವಲು ಕಿರಿದಾದಂತೆ ಉದ್ದನೆಯ ಹುಟ್ಟು ಎರಡೂ ಬದಿಯ ಬೇರುಗಳಿಗೆ ತಗಲುತ್ತದೆ, ತಿರುಗಲು ಜಾಗವಿರುವುದಿಲ್ಲ, ಮತ್ತು ಹಿನ್ನೀರಿನಲ್ಲಿ ಬೇಸರದಿಂದ ಕಲಿತಿದ್ದ ಹಿಮ್ಮುಖದ ಹುಟ್ಟು ಇಲ್ಲಿ ಏಕೈಕ ದಾರಿಯಾಗುತ್ತದೆ. ಇಳಿತದ ಲೆಕ್ಕ ತಪ್ಪಿದವರು ಮುಂದಿನ ಉಬ್ಬರದವರೆಗೆ ಕೆಸರಿನ ಮೇಲೆ ಕೂರಬೇಕಾದೀತು.

ಅಗಲವಾದ ನೀರಿನಲ್ಲಿ ಕಲಿಯುವವರು ದೂರವಿಡಬೇಕಾದುದು ಸೇತುವೆಗಳ ಕಂಬಗಳನ್ನು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಮಿಕ್ಕಿದ್ದು, ಶರಾವತಿಯ ಮೇಲೆ ಇಲ್ಲಿಯೇ ಇದೆ. ಕಂಬಗಳ ನಡುವೆ ಸೆಳೆತ ರಭಸಗೊಂಡು ಅವುಗಳ ಹಿಂದೆ ಸುಳಿಗಳೇಳುತ್ತವೆ. ಮಧ್ಯಾಹ್ನ ಪಡುವಣದಿಂದ ಕಡಲಗಾಳಿ ಎದ್ದು, ಅದೇ ಹೊತ್ತಿಗೆ ಇಳಿತದ ನೀರು ಪಡುವಣಕ್ಕೆ ಹರಿಯುತ್ತಿದ್ದರೆ, ಎದುರುಬದುರಾದ ಗಾಳಿ ಮತ್ತು ನೀರು ಸೇರಿ ಗಿಡ್ಡನೆಯ ಕಡಿದಾದ ಅಲೆಗಳನ್ನು ಎಬ್ಬಿಸುತ್ತವೆ. ಪಾಠಗಳು ಬೆಳಿಗ್ಗೆಯೇ ಮುಗಿಯುವುದು ಇದಕ್ಕಾಗಿ.

ಮಾವಿನಕುರ್ವೆ ದ್ವೀಪವನ್ನು ದಾಟಿ ಅಳಿವೆಯ ಬಾಯಿಯನ್ನು ಸಮೀಪಿಸಿದಾಗ ಆಚೆಯ ಕಡಲು ಬಿಳಿಯ ಗೆರೆಯಂತೆ ಕಾಣುತ್ತದೆ. 1932ರಲ್ಲಿ ಜರ್ಮನಿಯ ಉಲ್ಮ್ ನಗರದಿಂದ ಮಡಿಸುವ ಕಯಾಕಿನಲ್ಲಿ ಹೊರಟ ಆಸ್ಕರ್ ಸ್ಪೆಕ್ 1939ರಲ್ಲಿ ಆಸ್ಟ್ರೇಲಿಯಾದ ಗಡಿಯ ದ್ವೀಪವನ್ನು ಮುಟ್ಟುವ ಮೊದಲು ಭಾರತದ ಪಶ್ಚಿಮ ಕರಾವಳಿಗುಂಟ ಸಿಲೋನಿನತ್ತ ಹುಟ್ಟುಹಾಕಿದ್ದನು. ಆ ಬಿಳಿಗೆರೆಯ ಆಚೆಗೇ ಅವನ ದಾರಿಯಿತ್ತು. ಕಲಿಯುವವರ ದಾರಿ ಈಚೆಗೇ ನಿಲ್ಲುತ್ತದೆ. ಗುರುವಿನ ದೋಣಿ ಅಡ್ಡಲಾಗಿ ನಿಂತು ಇಷ್ಟು ಸಾಕೆಂದು ಹುಟ್ಟೆತ್ತಿ ತೋರಿಸುತ್ತದೆ. ಇಳಿತದ ಕೊನೆಯ ನಿಧಾನ ಗಳಿಗೆಯಲ್ಲಿ ಹೊರಟು ಉಬ್ಬರದೊಡನೆ ಮರಳುವುದು ಮೊದಲೇ ಗೊತ್ತಾದ ಲೆಕ್ಕ. ಒಂದೊಂದು ಬೀಸುಹುಟ್ಟಿಗೆ ಸ್ವಲ್ಪ ಸ್ವಲ್ಪವೇ ತಿರುಗಿದ ಮೂತಿಗಳು ಮೂಡಣದ ಘಟ್ಟಗಳತ್ತ ನೇರವಾಗುತ್ತವೆ, ಹುಟ್ಟುಗಳ ಸದ್ದು ಬೆಳಗಿಗಿಂತ ಕಡಿಮೆಯಾಗಿರುತ್ತದೆ, ಮತ್ತು ದಡ ಮುಟ್ಟುವ ಹೊತ್ತಿಗೆ ಉಬ್ಬರವು ತನ್ನ ಹನ್ನೆರಡರಲ್ಲಿ ಮೊದಲ ಪಾಲನ್ನು ತುಂಬಿ, ಬೆಳಿಗ್ಗೆ ದೋಣಿಗಳನ್ನು ಎಳೆದು ತಂದಿದ್ದ ಕೆಸರಿನ ಜಾಡನ್ನು ಮುಚ್ಚಿರುತ್ತದೆ.