ದಿನಾ ಸಾಯೋರ ಊರು ಅಲ್ಮೇರಿಯಾ!

ಓದುಗ ಮಿತ್ರರೇ, ಮೊದಲು ಒಂದು ಪ್ರಶ್ನೆ. ತುಟಿಯಂಚಿನಲ್ಲಿ ಮೋಟು ಸಿಗಾರು, ಹೆಗಲ ಮೇಲೆ ನಮ್ಮ ಕುರುಬರ ಕಂಬಳಿಯಂಥ ಹೊದಿಕೆ, ಅರೆ ಮುಚ್ಚಿದ ಕಣ್ಣು... ಕ್ಲಿಂಟ್ ಈಸ್ಟ್‌ವುಡ್ ಕುದುರೆ ಏರಿ ಬರುತ್ತಿದ್ದ ಆ ಧೂಳಿನ ಊರು ಯಾವ ದೇಶದ್ದು ಹೇಳಿ?

“ಅಮೆರಿಕಾದ್ದು ಸಾರ್, ಟೆಕ್ಸಾಸು!” ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಕೂತು, ಬೀಡಿ ಹೊಗೆ ಕುಡಿದು, ಶಿಳ್ಳೆ ಹೊಡೆದು ವರ್ಷಗಟ್ಟಲೆ ಮೋಸ ಹೋದವನು ನಾನು! ಆ ಊರು ಇರೋದು ಯೂರೋಪಿನ ಸ್ಪೇನ್ ದೇಶದಲ್ಲಿ. ಮೆಡಿಟರೇನಿಯನ್ ಸಮುದ್ರದ ದಡದ ಅಲ್ಮೇರಿಯಾ ಪಟ್ಟಣದಿಂದ ಬರೀ ಮೂವತ್ತು ಕಿಲೋಮೀಟರು!

ಅಲ್ಲಿಗೆ ಹೋಗಲೇಬೇಕು ಅನ್ನೋ ಹುಚ್ಚು ಹಿಡಿಸಿದವರು ನನ್ನ ಸೋದರಮಾವ. ಮಾವ ರಾಮನಗರದವರು. 1973ರ ಅಕ್ಟೋಬರಿನಲ್ಲಿ ಅಲ್ಲಿ ‘ಶೋಲೆ’ ಚಿತ್ರೀಕರಣ ಶುರುವಾದಾಗ, ರೇಷ್ಮೆ ಗೂಡಿನ ಕೆಲಸ ಬಿಟ್ಟು ಗುಂಪಿನಲ್ಲಿ ನಿಲ್ಲೋಕೆ ಓಡಿದರು. 1975ರಲ್ಲಿ ಚಿತ್ರ ತೆರೆ ಕಂಡಾಗ ಮನೆಮಂದಿಯನ್ನೆಲ್ಲಾ ಕರಕೊಂಡು ಹೋದರು. ಹೋಳಿ ಹಾಡು ಬಂತು ನೋಡಿ, ಎದ್ದು ನಿಂತು ಕೂಗಿದರು: “ಲೋ, ನೋಡ್ರೋ! ಅಲ್ಲಿ ಪೇಟ ಸುತ್ಕೊಂಡಿರೋದು ನಾನೇ ಕಣ್ರೋ!” ನಾವು ಕಣ್ಣು ಬಿಡೋಷ್ಟರಲ್ಲಿ ಸೀನೇ ಹೋಗಿತ್ತು. ಆ ಚಿತ್ರವನ್ನು ಹನ್ನೊಂದು ಸಲ ನೋಡಿದೆ. ಒಂದು ಸಲವೂ ಮಾವ ಸಿಗಲಿಲ್ಲ.

ಆ ‘ಶೋಲೆ’ಗೆ ಸ್ಫೂರ್ತಿಯಾದ ಕೌಬಾಯ್ ಚಿತ್ರಗಳ ತವರು ಈ ಅಲ್ಮೇರಿಯಾ. ಕಳೆದ ಅಕ್ಟೋಬರಿನಲ್ಲಿ ಕಡೆಗೂ ನಾನು ಅಲ್ಲಿ ಇಳಿದೆ.

ಕೋಟೆ, ಕಡಲು, ಕತ್ತಲ ಸುರಂಗ

ಮ್ಯಾಡ್ರಿಡ್ಡಿನಲ್ಲಿ ವಿಮಾನ ಇಳಿದು ರೈಲು ಹತ್ತಿದರೆ ಅಲ್ಮೇರಿಯಾ ಮುಟ್ಟಬಹುದು. ಊರಿಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳೋದು ಗುಡ್ಡದ ಮೇಲಿನ ಅಲ್ಕಜಾಬಾ ಕೋಟೆ. 955ರಲ್ಲಿ ಅರಬ್ ದೊರೆ ಮೂರನೆಯ ಅಬ್ದುರ್ ರಹಮಾನ್ ಕಟ್ಟಿಸಿದ್ದು. ಮೇಲೆ ಹತ್ತಿ ನಿಂತರೆ ಒಂದು ಕಡೆ ಬಿಳಿ ಮನೆಗಳ ಸಾಲು, ಇನ್ನೊಂದು ಕಡೆ ನೀಲಿ ಕಡಲು... ಅಬ್ಬಾ! ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಆರನೇ ಭಾಗದವರೂ ಇಲ್ಲಿಗೆ ಕ್ಯಾಮೆರಾ ಹೊತ್ತು ಬಂದಿದ್ದರು.

ಕೆಳಗೆ ಇಳಿದರೆ ಕೋಟೆಯಂತೆಯೇ ಕಾಣುವ ಚರ್ಚು. ಹದಿನಾರನೆಯ ಶತಮಾನದಲ್ಲಿ ಕಡಲುಗಳ್ಳರಿಗೆ ಹೆದರಿ ದೇವರ ಮನೆಯನ್ನೂ ಕೋಟೆ ಮಾಡಿ ಕಟ್ಟಿದರು. ದಡಕ್ಕೆ ಹೋದರೆ ಸಮುದ್ರದ ಮೇಲೆ ಚಾಚಿಕೊಂಡ ಭಾರೀ ಕಬ್ಬಿಣದ ಕಟ್ಟೆ. ಗಣಿಯಿಂದ ರೈಲಿನಲ್ಲಿ ಬಂದ ಅದಿರನ್ನು ನೇರ ಹಡಗಿಗೆ ಸುರಿಯಲು 1904ರಲ್ಲಿ ಮುಗಿಸಿದ ಕೆಲಸ.

ಆದರೆ ಮಿತ್ರರೇ, ನೋಡಲೇಬೇಕಾದ್ದು ನೆಲದ ಕೆಳಗಿದೆ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರ ಮೇ 31ರಂದು ಹಿಟ್ಲರನ ಯುದ್ಧನೌಕೆಗಳು ಈ ಊರಿನ ಮೇಲೆ ಫಿರಂಗಿ ಹಾರಿಸಿದವು. ಜನ ಪ್ರಾಣ ಉಳಿಸಿಕೊಳ್ಳಲು ಬೀದಿಗಳ ಅಡಿಯಲ್ಲೇ ನಾಲ್ಕೂವರೆ ಕಿಲೋಮೀಟರು ಸುರಂಗ ತೋಡಿದರು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಡಗಬಹುದಾದ ಜಾಗ! 2006ರಿಂದ ಅದರ ಒಂದು ಭಾಗ ಪ್ರವಾಸಿಗರಿಗೆ ತೆರೆದಿದೆ. ಒಳಗೆ ಒಂದು ಸಣ್ಣ ಆಪರೇಷನ್ ಕೋಣೆಯೂ ಉಂಟು. ತೆರೆಯ ಮೇಲಿನ ಗುಂಡಿಗೆ ಶಿಳ್ಳೆ ಹೊಡೆಯುವ ನಾನು, ಅಲ್ಲಿ ಗಪ್‌ಚಿಪ್!

ಸಂಜೆ ಹೊಟ್ಟೆ ಚುರುಗುಟ್ಟಿತು. ಇಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಹೋಟೆಲಿನಲ್ಲಿ ಒಂದು ಲೋಟ ಪಾನೀಯ ತಗೊಂಡರೆ ಒಂದು ಚಿಕ್ಕ ತಟ್ಟೆ ತಿಂಡಿ ಪುಕ್ಕಟೆ! ‘ತಾಪಾಸ್’ ಅಂತಾರೆ. ನಾಲ್ಕು ಹೋಟೆಲು ತಿರುಗಿದರೆ ರಾತ್ರಿ ಊಟ ಮುಗೀತು. ಜೇಬು ಸಣ್ಣದಿದ್ದವರಿಗೆ ಇದಕ್ಕಿಂತ ಬೇರೆ ಭಾಗ್ಯ ಬೇಕೇ?

ಹಾಗೇ ಬರುತ್ತಾ ಒಂದು ಚೌಕದಲ್ಲಿ ಗಿಟಾರ್ ಹಿಡಿದು ಕೂತ ಪ್ರತಿಮೆ ಸಿಕ್ಕಿತು. ಬೀಟಲ್ಸ್ ತಂಡದ ಜಾನ್ ಲೆನನ್! 1966ರಲ್ಲಿ ‘ಹೌ ಐ ವನ್ ದ ವಾರ್’ ಚಿತ್ರದಲ್ಲಿ ನಟಿಸಲು ಬಂದು ಇಲ್ಲೇ ಇಪ್ಪತ್ತಾರನೇ ಹುಟ್ಟುಹಬ್ಬ ಕಳೆದ. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡು ಹುಟ್ಟಿದ್ದೂ ಇಲ್ಲೇ. ಅವನ ಆ ಪ್ರಸಿದ್ಧ ದುಂಡು ಕನ್ನಡಕ ಮುಖಕ್ಕೆ ಏರಿದ್ದು ಈ ಚಿತ್ರದ ಪಾತ್ರಕ್ಕಾಗಿ! ಅವನು ತಂಗಿದ್ದ ಬಂಗಲೆ ಈಗ ಸಿನಿಮಾ ಸಂಗ್ರಹಾಲಯ.

ಬಂದೂಕಿನ ಬಯಲಿಗೆ

ಮಾರನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ತಬೆರ್ನಾಸ್ ಕಡೆ ಹೊರಟೆ. ಅರ್ಧ ಗಂಟೆಯಲ್ಲಿ ಕಡಲು ಮಾಯ, ಹಸಿರು ಮಾಯ. ಬರೀ ಬೋಳು ಗುಡ್ಡ, ಒಣ ಹಳ್ಳ, ಬಿಸಿಲು. ಯೂರೋಪಿನ ಒಂದೇ ಮರುಭೂಮಿ ಅಂತ ಇದಕ್ಕೆ ಹೆಸರು. ಇಟಲಿಯ ನಿರ್ದೇಶಕ ಸೆರ್ಗಿಯೋ ಲಿಯೋನೆಗೆ ಬೇಕಾಗಿದ್ದೂ ಅದೇ. ಮಳೆ ಬಂದು ಷೂಟಿಂಗ್ ಕೆಡೋದಿಲ್ಲ, ಕೂಲಿ ಅಗ್ಗ, ಅಮೆರಿಕಾದಂತೆ ಕಾಣುವ ನೆಲ. ನಿರ್ಮಾಪಕರಿಗೆ ಇನ್ನೇನು ಬೇಕು ಸ್ವಾಮಿ?

1965ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಚಿತ್ರಕ್ಕೆ ಕಾರ್ಲೋ ಸಿಮಿ ಅನ್ನೋ ಕಲಾ ನಿರ್ದೇಶಕ ಇಲ್ಲಿ ಎಲ್ ಪಾಸೋ ಎಂಬ ಇಡೀ ಊರನ್ನೇ ಎಬ್ಬಿಸಿದ. ಚಿತ್ರ ಮುಗಿದ ಮೇಲೆ ಏನಾಯ್ತು ಗೊತ್ತೇ? ಅದರಲ್ಲಿ ನಟಿಸಿದ್ದ ಸ್ಥಳೀಯ ಎಕ್ಸ್‌ಟ್ರಾಗಳೇ ಆ ಸೆಟ್ಟನ್ನು ಕೊಂಡುಕೊಂಡು ಪ್ರವಾಸಿಗರಿಗೆ ತೋರಿಸಲು ಶುರು ಮಾಡಿದರು! ಆಮೇಲೆ ಕೈ ಬದಲಾಗಿ ಅದು ‘ಮಿನಿ ಹಾಲಿವುಡ್’ ಅನ್ನೋ ದೊಡ್ಡ ಉದ್ಯಾನವಾಯಿತು. ಹತ್ತಿರದಲ್ಲೇ ‘ಫೋರ್ಟ್ ಬ್ರಾವೊ’. ಇನ್ನೊಂದು ‘ವೆಸ್ಟರ್ನ್ ಲಿಯೋನೆ’. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದ ಮರದ ಮನೆ ಅಲ್ಲಿದೆ. ಆ ಮನೆ ಮುಂದೆ ಇಡೀ ಸಂಸಾರವನ್ನು ಗುಂಡಿಟ್ಟು ಕೊಲ್ಲುವ ದೃಶ್ಯ ನೆನಪಿದೆಯೇ? ‘ಶೋಲೆ’ಯಲ್ಲಿ ಠಾಕೂರನ ಮನೆಮಂದಿಯನ್ನು ಗಬ್ಬರ್ ಕೊಲ್ಲೋದನ್ನು ಪಕ್ಕದಲ್ಲಿಟ್ಟು ನೋಡಿ. ಬೇರೆ ಮಾತು ಬೇಕಿಲ್ಲ.

“ಆ ಟೋಪಿ ನಮ್ಮಪ್ಪ!”

ಮಧ್ಯಾಹ್ನ ಅಂಥದೊಂದು ಸೆಟ್ ಊರಿನಲ್ಲಿ ‘ಶೋ’. ಬ್ಯಾಂಕಿನ ದರೋಡೆ, ಗುಂಡಿನ ಸುರಿಮಳೆ. ಐವತ್ತು ದಾಟಿದ ಒಬ್ಬ ಮನುಷ್ಯ ಮಾಳಿಗೆ ಮೇಲಿಂದ ಗುಂಡು ತಿಂದು ಧೊಪ್ಪನೆ ಬಿದ್ದ. ಮಕ್ಕಳು ಕಿರುಚಿದರು. ಬಿದ್ದವನು ಎರಡು ನಿಮಿಷ ಧೂಳಿನಲ್ಲಿ ಹೆಣದ ಹಾಗೆ ಮಲಗಿದ್ದ. ಶೋ ಮುಗಿದ ಮೇಲೆ ಸೊಂಟ ಹಿಡಿದುಕೊಂಡು ನಿಧಾನ ಎದ್ದ.

ನೆರಳಿನಲ್ಲಿ ಕೂತು ನೀರು ಕುಡಿಯುತ್ತಿದ್ದವನ ಹತ್ತಿರ ಹೋದೆ. ಅವನದೂ ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು. ಜೋಡಿ ಸರಿಹೋಯ್ತು!

“ನೋವಾಗಲ್ವಾ ಯಜಮಾನ್ರೇ?”

“ದಿನಕ್ಕೆ ಎರಡು ಸಲ ಸಾಯ್ತೀನಿ. ಎರಡನೇ ಸಲ ಸ್ವಲ್ಪ ನೋವಾಗುತ್ತೆ.”

ಅವನ ಅಪ್ಪನೂ ಇದೇ ಕಸುಬಿನವನು. ಕೌಬಾಯ್ ಚಿತ್ರಗಳ ಭರಾಟೆಯ ಕಾಲದಲ್ಲಿ ಬೆಳಿಗ್ಗೆ ಒಂದು ಸೆಟ್ಟಿನಲ್ಲಿ ಮೆಕ್ಸಿಕೋದ ಡಕಾಯಿತ, ಸಂಜೆ ಇನ್ನೊಂದರಲ್ಲಿ ಅಮೆರಿಕಾದ ಸಿಪಾಯಿ. ಹೊಲದಲ್ಲಿ ದುಡಿದರೆ ಸಿಗದ ಕಾಸು ಸತ್ತು ಬಿದ್ದರೆ ಸಿಗುತ್ತಿತ್ತಂತೆ. ಎಪ್ಪತ್ತರ ದಶಕ ಕಳೆಯೋ ಹೊತ್ತಿಗೆ ಜನಕ್ಕೆ ಕೌಬಾಯ್ ಸಾಕಾಯ್ತು, ಕಂಪೆನಿಗಳು ಗಂಟುಮೂಟೆ ಕಟ್ಟಿದವು. ಉಳಿದಿದ್ದು ಈ ಶೋಗಳು. ಇಂಥ ಸಾಹಸಿಗರ ಬಾಳನ್ನೇ ಇಟ್ಟುಕೊಂಡು 2002ರಲ್ಲಿ ಸ್ಪೇನಿನ ಅಲೆಕ್ಸ್ ದೆ ಲಾ ಇಗ್ಲೇಸಿಯಾ ‘800 ಬುಲೆಟ್ಸ್’ ಅಂತ ಚಿತ್ರ ತೆಗೆದ. ಸಿಕ್ಕಿದರೆ ನೋಡಿ.

“ನಿಮ್ಮ ತಂದೆ ಯಾವ ಚಿತ್ರದಲ್ಲಿ ಕಾಣ್ತಾರೆ?” ಅಂದೆ.

ಜೇಬಿನಿಂದ ಫೋನು ತೆಗೆದ. ಒಂದು ಸಣ್ಣ ತುಣುಕು ಹಾಕಿ ಪಟ್ಟನೆ ನಿಲ್ಲಿಸಿದ. ಕುದುರೆಗಳ ಹಿಂದೆ, ಧೂಳಿನ ನಡುವೆ, ಅರ್ಧ ಟೋಪಿ. ಮುಖವೇ ಇಲ್ಲ.

“ಆ ಟೋಪಿ ನಮ್ಮಪ್ಪ!” ಅಂದ. ಮುಖದಲ್ಲಿ ಏನು ಹೆಮ್ಮೆ ಅಂತೀರಿ!

ನಾನು ಮಾವನ ಕತೆ ಹೇಳಿದೆ. ಹೇಳ್ತಾ ಹೇಳ್ತಾ ಗಂಟಲು ಕಟ್ಟಿತು. ಅವನು ನನ್ನ ಬೆನ್ನು ತಟ್ಟಿ ಕೇಳಿದ್ದು ಒಂದೇ ಮಾತು: “ನಿಲ್ಲಿಸಿ ನೋಡಿದ್ದೀರಾ?”

ಒಬ್ಬನೇ ಡೇವಿಡ್ ಲೀನ್, ಎರಡು ಊರು

ಇನ್ನೊಂದು ದಿನ ಉಳಿದಿದ್ದರೆ ಕಾಬೊ ದೆ ಗಾಟಾ ಕರಾವಳಿಗೆ ಹೋಗಿ. ಅಲ್ಲಿನ ಮೋನ್ಸುಲ್ ಕಡಲ ತೀರದಲ್ಲಿ 1989ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಲಾಸ್ಟ್ ಕ್ರುಸೇಡ್’ ಚಿತ್ರಕ್ಕಾಗಿ ಷಾನ್ ಕಾನರಿ ಕೊಡೆ ಬಿಚ್ಚಿ ಹಕ್ಕಿಗಳನ್ನು ಎಬ್ಬಿಸಿ ವಿಮಾನ ಕೆಡವಿದ್ದು. ಆಚೆಗೆ ಕಾರ್ಬೊನೆರಾಸ್ ಬಳಿಯ ಅಲ್ಗಾರೊಬಿಕೊ ತೀರ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ಗೆ ನಿರ್ದೇಶಕ ಡೇವಿಡ್ ಲೀನ್ ಅರಬರ ಅಕಾಬಾ ಪಟ್ಟಣವನ್ನು ಸೆಟ್ ಹಾಕಿಸಿದ್ದು ಅಲ್ಲೇ. ಆ ಚಿತ್ರದಲ್ಲಿ ಗಾಸಿಮ್ ಪಾತ್ರ ಮಾಡಿದವರು ನಮ್ಮ ಐ.ಎಸ್. ಜೋಹರ್! ಅದೇ ತೀರದಲ್ಲಿ ಆಮೇಲೆ 411 ಕೋಣೆಗಳ ಹೋಟೆಲೊಂದು ತಲೆ ಎತ್ತಿತು. ಸಂರಕ್ಷಿತ ಕರಾವಳಿ ಅಂತ 2006ರಲ್ಲಿ ನ್ಯಾಯಾಲಯ ಕೆಲಸ ನಿಲ್ಲಿಸಿತು. ಒಬ್ಬ ಅತಿಥಿಯೂ ಮಲಗದ ಹೋಟೆಲು! ಸೆಟ್ಟಾದರೂ ಕೆಲಸ ಮುಗಿಸಿ ಎದ್ದು ಹೋಗಿತ್ತು.

ಅದೇ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳಿಗಾಗಿ ಬಂದದ್ದು ಎಲ್ಲಿಗೆ? ನಮ್ಮ ಸಾವನದುರ್ಗಕ್ಕೆ, ರಾಮದೇವರ ಬೆಟ್ಟಕ್ಕೆ! ಅಲ್ಮೇರಿಯಾ ಟೆಕ್ಸಾಸ್ ಆಯ್ತು, ಅಕಾಬಾ ಆಯ್ತು. ನಮ್ಮ ರಾಮನಗರ ಉತ್ತರದ ರಾಮಗಢ ಆಯ್ತು, ಬಿಹಾರದ ಕಡೆಯ ಗುಹೆ ಆಯ್ತು. ಎರಡೂ ಊರು ಬೇರೆಯವರ ಹೆಸರಿನಲ್ಲಿ ನಟಿಸಿದ ಎಕ್ಸ್‌ಟ್ರಾಗಳೇ. ಒಂದೇ ವ್ಯತ್ಯಾಸ. ಅಲ್ಲಿನವರು ಸೆಟ್ಟನ್ನು ಕೊಂಡು ಉಳಿಸಿಕೊಂಡರು. ಇಲ್ಲಿ ‘ಶೋಲೆ’ಯ ಹಳ್ಳಿ ಕಿತ್ತು ಹೋಯ್ತು. ಬಂಡೆ ಉಳಿದಿದೆ, 2012ರಿಂದ ಅಲ್ಲಿ ರಣಹದ್ದುಗಳ ಧಾಮ.

ಹೋಗೋರಿಗೆ ಕಿವಿಮಾತು

ಜುಲೈ, ಆಗಸ್ಟಿನಲ್ಲಿ ಮಾತ್ರ ಬೇಡ, ಬಿಸಿಲು ಬೇಯಿಸಿಬಿಡುತ್ತೆ. ಅಕ್ಟೋಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ತಬೆರ್ನಾಸ್‌ಗೆ ಹೊರಡುವಾಗ ನೀರು, ಟೋಪಿ ಮರೀಬೇಡಿ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ರಾತ್ರಿ ಒಂಬತ್ತಾದರೂ ಊಟದ ಮಾತೇ ಇರಲ್ಲ, ತಾಳ್ಮೆ ಇರಲಿ. ಊರಿನ ಪಶ್ಚಿಮಕ್ಕೆ ಬಸ್ಸಿನಲ್ಲಿ ಹೋದರೆ ಇನ್ನೊಂದು ಕಡಲು ಕಾಣುತ್ತೆ. ನೀರಿನದಲ್ಲ, ಪ್ಲಾಸ್ಟಿಕ್ಕಿನದು! ಸುಮಾರು 30,000 ಹೆಕ್ಟೇರು ತರಕಾರಿ ಚಪ್ಪರ. ಚಳಿಗಾಲದಲ್ಲಿ ಯೂರೋಪಿಗೆ ಟೊಮ್ಯಾಟೊ, ಸೌತೆಕಾಯಿ ಹೋಗೋದು ಇಲ್ಲಿಂದ. ಅದರೊಳಗೆ ಬೆವರು ಸುರಿಸೋರು ಬಹುಪಾಲು ಮೊರಾಕೋದಿಂದ, ಆಫ್ರಿಕಾದಿಂದ ಬಂದ ಹುಡುಗರು. ಅವರದೂ ಮುಖ ಕಾಣದ ಪಾತ್ರವೇ.

ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಹೇಳಲೇ? ಫೋನಿನಲ್ಲಿ ‘ಶೋಲೆ’ ಹಾಕಿ ಹೋಳಿ ಹಾಡನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮಾವ ತೀರಿಕೊಂಡು ನಾಲ್ಕು ವರ್ಷ. ಬಣ್ಣದ ಪುಡಿಯ ಮಧ್ಯೆ, ಎಡಗಡೆ ಮೂಲೆಯಲ್ಲಿ ಒಂದು ಪೇಟ, ಒಂದು ಹೆಗಲು ಸಿಕ್ಕಿತು. ಮುಖ ಇಲ್ಲ. ಅತ್ತೆಯ ಹತ್ತಿರ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಹೂಂ ಕಣಪ್ಪಾ, ಅವರೇ. ಪೇಟ ಯಾವಾಗಲೂ ಹಂಗೇ ಸೊಟ್ಟಗೆ ಸುತ್ತೋರು” ಅಂದರು.