ನರುಟೊ ಪರ ವಕಾಲತ್ತು

‘ನರುಟೊ’ ಎಂಬ ಜಪಾನಿ ಅನಿಮೆ ಕೆಟ್ಟ ಧಾರಾವಾಹಿ ಎಂದು ಸಾಧಿಸಲು ಯಾರಾದರೂ ಹೊರಟರೆ ಅವರಿಗೆ ಬೇಕಾದ ಪುರಾವೆಯನ್ನೆಲ್ಲ ನಾನೇ ಒದಗಿಸಬಲ್ಲೆ. ಮೊದಲ ಭಾಗದ 220 ಕಂತುಗಳಲ್ಲಿ 135ರ ಆಚೆಗಿನವು ಹೆಚ್ಚುಕಮ್ಮಿ ಎಲ್ಲವೂ ಫಿಲ್ಲರ್, ಅಂದರೆ ಮೂಲ ಮಂಗಾದಲ್ಲಿ (ಜಪಾನಿ ಚಿತ್ರಕಥೆಯಲ್ಲಿ) ಇಲ್ಲದ, ದಿನ ದೂಡಲು ಹೊಸೆದ ಕಥೆಗಳು. ಎರಡನೇ ಭಾಗವಾದ ಶಿಪ್ಪುಡೆನ್‌ನ 500 ಕಂತುಗಳಿಗೂ ಆ ರೋಗ ಅಂಟಿಕೊಂಡಿತು. ಒಂಟಿ ಹುಡುಗ ನರುಟೊ ಶಾಲೆಯ ಮುಂದಿನ ಉಯ್ಯಾಲೆಯಲ್ಲಿ ಕೂತು, ಉಳಿದ ಮಕ್ಕಳನ್ನು ಅವರವರ ಅಪ್ಪ ಅಮ್ಮ ಕರೆದೊಯ್ಯುವುದನ್ನು ನೋಡುವ ದೃಶ್ಯವಿದೆಯಲ್ಲ, ಅದು ಎಷ್ಟು ಸಲ ಬರುತ್ತದೆಂದರೆ ಕೊನೆಕೊನೆಗೆ ಹುಡುಗನ ಬಗ್ಗೆ ಅಯ್ಯೋ ಅನ್ನಿಸುವ ಬದಲು ಉಯ್ಯಾಲೆಯ ಹಗ್ಗ ಇಷ್ಟು ಹೊತ್ತಿಗೆ ಸವೆದಿರಬೇಕು ಅನ್ನಿಸುತ್ತದೆ. ಖಳರಂತೂ ಹೊಡೆದಾಟವನ್ನು ಅರ್ಧಕ್ಕೆ ನಿಲ್ಲಿಸಿ ತಮ್ಮ ವಿದ್ಯೆಯ ಗುಟ್ಟನ್ನು ಎದುರಾಳಿಗೇ ಪಾಠ ಮಾಡುತ್ತಾರೆ.

ಕಥೆ ಕಾದಂಬರಿಗಳ ಬಗ್ಗೆ ಬರೆಯುವುದು ನನ್ನ ಕಸುಬು. ಹೊಸ ಲೇಖಕನೊಬ್ಬ ಒಂದೇ ನೆನಪನ್ನು ಮೂರನೇ ಸಲ ತಂದರೆ ನನ್ನ ಪೆನ್ಸಿಲ್ಲು ತಾನಾಗಿ ಅಂಚಿಗೆ ಹೋಗುತ್ತದೆ. ಇಲ್ಲಿ ಮಾತ್ರ ಯಾಕೆ ಈ ಜಾಣಗುರುಡು?

ಬಹಳ ಕಾಲ ನನ್ನ ಬಳಿ ಸಿದ್ಧ ಉತ್ತರವೊಂದಿತ್ತು. ತಪ್ಪು ಕಥೆಯದ್ದಲ್ಲ, ವಾರದ್ದು. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ 700 ಅಧ್ಯಾಯಗಳನ್ನು ಬರೆದು ಚಿತ್ರಿಸಿದ. ಅಲ್ಲಿ ಓದುಗರ ಮತ ಬೀಳದ ಕಥೆಗೆ ಉಳಿಗಾಲವಿಲ್ಲ. ಟಿ.ವಿ.ಯೂ ವಾರಕ್ಕೊಂದು ಕಂತು ಕೇಳುತ್ತದೆ. ಒಂದು ಕಂತು ಒಂದಕ್ಕಿಂತ ಹೆಚ್ಚು ಅಧ್ಯಾಯ ನುಂಗುವುದರಿಂದ ಅನಿಮೆ ಬೇಗನೆ ಮಂಗಾದ ಬೆನ್ನಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಆಗ ಉಳಿಯುವುದು ಎರಡೇ ದಾರಿ: ಬೇರೆ ಏನನ್ನಾದರೂ ತುರುಕಬೇಕು, ಇಲ್ಲವೇ ಇದ್ದದ್ದನ್ನು ಎಳೆಯಬೇಕು. ಎಳೆಯುವುದರಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ ಮೀರಿಸಿದವರಿಲ್ಲ. ನಾಮೆಕ್ ಗ್ರಹ ಇನ್ನು ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದು ಖಳ ಫ್ರೀಜಾ ಹೇಳಿದ ಮೇಲೆ ಆ ಐದು ನಿಮಿಷ ಹತ್ತಿರ ಹತ್ತಿರ ಹತ್ತು ಕಂತು ನಡೆಯಿತು.

ಇದಕ್ಕೆ ನಮ್ಮ ಕಡೆಯ ಸಮರ್ಥನೆಯನ್ನೂ ಕಟ್ಟಿಕೊಂಡಿದ್ದೆ. ಯಕ್ಷಗಾನದಲ್ಲಿ ಕರ್ಣ ಸಾಯಲು ಅರ್ಧ ರಾತ್ರಿ ಬೇಕು, ಯಾರಾದರೂ ಗಡಿಯಾರ ನೋಡುತ್ತಾರೆಯೇ ಅಂತ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ನಿಲ್ಲುವ ವಾದವಲ್ಲ. ಕರ್ಣನ ಹೊತ್ತನ್ನು ಭಾಗವತರ ಪದ ತುಂಬುತ್ತದೆ, ಕೃಷ್ಣನ ಜೊತೆಗಿನ ವಾದ ತುಂಬುತ್ತದೆ. ಆ ಧಾರಾವಾಹಿಯ ನಾಯಕ ಗೋಕು ಮತ್ತು ಫ್ರೀಜಾ ಎದುರುಬದುರು ನಿಂತು ಗುರುಗುಟ್ಟುವ ಹೊತ್ತನ್ನು ತುಂಬುವುದು ಗುರುಗುಟ್ಟುವಿಕೆಯೇ. 2009ರಲ್ಲಿ ಆ ಜಾಳನ್ನು ಕತ್ತರಿಸಿ ‘ಡ್ರ್ಯಾಗನ್ ಬಾಲ್ ಕೈ’ ಎಂದು ಮತ್ತೆ ತಂದರು. ಚುರುಕಾಗಿದೆ, ತೂಕವಾಗಿದೆ. ಆದರೂ ನಾನು ಹಳೆಯದನ್ನೇ ಹಾಕಿಕೊಂಡು ಕೂರುತ್ತೇನೆ. ವಾರದ ಒತ್ತಡವೇ ತಪ್ಪಿಗೆಲ್ಲ ಕಾರಣವಾಗಿದ್ದರೆ ಅದನ್ನು ತೆಗೆದುಹಾಕಿದ ಆವೃತ್ತಿ ನನಗೆ ಹೆಚ್ಚು ಹಿಡಿಸಬೇಕಿತ್ತಲ್ಲ?

ಆ ಒತ್ತಡದಿಂದ ಬಂದದ್ದೆಲ್ಲ ಹಾಳು ಅನ್ನುವಂತೆಯೂ ಇಲ್ಲ. ಗೋಕು ಸೂಪರ್ ಸಾಯನ್ ಎಂಬ ಬಲಿಷ್ಠ ರೂಪ ತಾಳಿದಾಗ ಅವನ ಕೂದಲು ಹೊಂಬಣ್ಣಕ್ಕೆ ತಿರುಗುವುದು ಈಗ ಜಗತ್ತಿಗೆಲ್ಲ ಗೊತ್ತಿರುವ ಚಿತ್ರ. ಅದರ ಹಿಂದೆ ಇದ್ದ ಒಂದು ಕಾರಣ, ಆ ಕೂದಲಿಗೆ ಪ್ರತಿ ಚೌಕದಲ್ಲೂ ಕಪ್ಪು ಶಾಯಿ ತುಂಬುವ ಸಹಾಯಕನ ಕೆಲಸ ಉಳಿಸುವುದು. ‘ಡ್ರ್ಯಾಗನ್ ಬಾಲ್’ನ ಕರ್ತೃ ಅಕಿರಾ ತೊರಿಯಾಮಾ ತಾನೇ ಹೇಳಿಕೊಂಡ ವಿಷಯ ಇದು. ಮಂಗಾದಲ್ಲಿ ಅದು ಬರೀ ಬಿಳಿ ಹಾಳೆ.

ಇನ್ನು ಕೆಲವು ಕುಂದುಗಳು ಕುಂದೇ ಅಲ್ಲ. ಶಿಪ್ಪುಡೆನ್‌ನ 167ನೇ ಕಂತನ್ನು ತೆಗೆದುಕೊಳ್ಳಿ, 2010ರದ್ದು, ಅತ್ಸುಶಿ ವಾಕಬಾಯಾಶಿ ನಿರ್ದೇಶನ. ನರುಟೊ ಖಳ ಪೇನ್ ಮೇಲೆ ಎರಗುತ್ತಾನೆ; ಪೇನ್‌ನ ಮುಖ ಎಳೆದು ಉದ್ದವಾಗುತ್ತದೆ, ದವಡೆ ಒಂದು ಕಡೆ, ಕಣ್ಣು ಒಂದು ಕಡೆ, ರೇಖೆಗಳು ಸಡಿಲ. ಜನ ಒಂದೊಂದು ಚೌಕಟ್ಟನ್ನು ನಿಲ್ಲಿಸಿ, ಕತ್ತರಿಸಿ, ಹಂಚಿಕೊಂಡು ನಕ್ಕರು. ನಿಲ್ಲಿಸಿದರೆ ನಗು ಬರುವುದು ಸಹಜ. ಓಡಲು ಬಿಟ್ಟರೆ ಅದೇ ವಿಕಾರದಲ್ಲಿ ವೇಗವಿದೆ, ಏಟಿನ ಭಾರವಿದೆ. ಇದರ ವಿಷಯದಲ್ಲಿ ನನಗೆ ಯಾವ ಮುಜುಗರವೂ ಇಲ್ಲ, ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ.

ಮುಜುಗರ ಇರುವುದು ಬೇರೆ ಕಡೆ. ಅದನ್ನು ಹೇಳಬೇಕಾದರೆ ಮೊದಲ ಭಾಗದ 48ನೇ ಕಂತಿಗೆ ಹೋಗಬೇಕು. ರಾಕ್ ಲೀ ಎಂಬ ಹುಡುಗ. ಬಟ್ಟಲು ಕಟಿಂಗು, ದಪ್ಪ ಹುಬ್ಬು, ಹಸಿರು ಉಡುಗೆ. ನಿಂಜಾ ಊರಿನಲ್ಲಿ ಹುಟ್ಟಿಯೂ ಮಂತ್ರ ಮಾಯೆ ಒಂದೂ ಬಾರದವನು. ಇರುವುದು ಕೈಕಾಲು ಮಾತ್ರ. ಎದುರಿಗೆ ಗಾರಾ, ಅವನ ಸುತ್ತ ತಾನಾಗಿಯೇ ಎದ್ದು ಏಟು ತಡೆಯುವ ಮರಳು. ಲೀ ಎಷ್ಟು ಹೊಡೆದರೂ ಮರಳು ಮೊದಲೇ ಅಲ್ಲಿರುತ್ತದೆ. ಆಗ ಅವನು ಅಖಾಡದ ತುದಿಯ ಕಲ್ಲಿನ ಕೈಗಳ ಮೇಲೆ ಹತ್ತಿ ನಿಲ್ಲುತ್ತಾನೆ. ಗುರು ಗೈ ಒಪ್ಪಿಗೆ ಕೊಡುತ್ತಾನೆ. ಲೀ ಕಾಲುಚೀಲ ಕೆಳಗಿಳಿಸಿ, ಪಿಂಡಿಗೆ ಕಟ್ಟಿದ್ದ ಭಾರಗಳನ್ನು ಬಿಚ್ಚಿ, ಎರಡು ಕೈಯಲ್ಲಿ ಹಿಡಿದು ಬಿಡುತ್ತಾನೆ. ಅಷ್ಟಿಷ್ಟು ಭಾರ ಬಿಚ್ಚಿದರೆ ಏನಾದೀತು ಎಂದು ನೋಡುವವರು ಅಂದುಕೊಳ್ಳುತ್ತಿರುವಾಗಲೇ ಅವು ನೆಲಕ್ಕೆ ಬಿದ್ದು ಧೂಳು ಮೇಲೇಳುತ್ತದೆ. ಮರುಕ್ಷಣ ಲೀ ಅಲ್ಲಿಲ್ಲ. ಮರಳು ತಡವಾಗಿ ಬರತೊಡಗುತ್ತದೆ. ಗಾರಾನ ಕೆನ್ನೆಗೆ ಮೊದಲ ಸಲ ಏಟು ತಾಗುತ್ತದೆ.

ಪ್ರತಿಭೆಯಿಲ್ಲದವನ ದುಡಿಮೆಗೂ ಒಂದು ದಿನ ಬರುತ್ತದೆ ಎನ್ನುವುದು ಆ ಧೂಳಿನ ಜೊತೆ ಕಥೆ ಕೊಟ್ಟ ಮಾತು. ಸ್ವಲ್ಪ ಮುಂದೆ ನೇಜಿ ಬರುತ್ತಾನೆ: ಹ್ಯೂಗಾ ಮನೆತನದ ಕವಲಿನವನು, ಹಿರಿಮನೆಯವರ ಸೇವೆಗೆಂದು ಹಣೆಯ ಮೇಲೆ ಮುದ್ರೆ ಒತ್ತಿಸಿಕೊಂಡವನು, ಹುಟ್ಟೇ ಹಣೆಬರಹ ಎಂದು ನಂಬಿದವನು. ಅವನನ್ನು ಸೋಲಿಸಿ ಹಣೆಬರಹ ಸುಳ್ಳು ಎಂದು ಸಾರುವುದು ಪರೀಕ್ಷೆಯಲ್ಲಿ ಮೂರು ಸಲ ಫೇಲಾದ ನರುಟೊ. ಆಮೇಲೆ ಏನಾಯಿತು? ನರುಟೊ ಊರಿನ ನಾಯಕ ನಾಲ್ಕನೇ ಹೊಕಾಗೆಯ ಮಗ ಎಂದು ತಿಳಿಯಿತು. ಕಡೆಗೆ ಅವನು ನಿಂಜಾಗಳ ಮೂಲಪುರುಷನ ಮಗ ಅಶುರಾನ ಪುನರ್ಜನ್ಮ, ಅವನ ಗೆಳೆಯನೂ ಎದುರಾಳಿಯೂ ಆದ ಸಾಸುಕೆ ಅಶುರಾನ ಅಣ್ಣ ಇಂದ್ರನ ಪುನರ್ಜನ್ಮ ಎಂದೂ ಆಯಿತು. (ಬೌದ್ಧ ಧರ್ಮದ ಬೆನ್ನು ಹತ್ತಿ ಇಲ್ಲಿಂದಲೇ ಹೋದ ಹೆಸರುಗಳು. ಅಲ್ಲಿ ಅಸುರನೇ ಒಳ್ಳೆಯವನಾದದ್ದು ನನಗೆ ಒಳಗೊಳಗೇ ಖುಷಿ.) ಹುಟ್ಟಿಗೆ ಬೆಲೆಯಿಲ್ಲ ಎಂದವನ ಗೆಲುವಿಗೆ ಹುಟ್ಟೇ ಕಾರಣವಾಯಿತು. ನೇಜಿ ಯುದ್ಧದಲ್ಲಿ ಸತ್ತ. ಲೀ ಹಿಂದಿನ ಸಾಲಿನಲ್ಲಿ ನಿಂತುಬಿಟ್ಟ.

ಕಥೆಯೊಂದಕ್ಕೆ ಇದಕ್ಕಿಂತ ದೊಡ್ಡ ದೋಷ ಇರಲಾರದು; ಎಳೆದಾಟ, ಫಿಲ್ಲರ್ ಇದರ ಮುಂದೆ ಏನೂ ಅಲ್ಲ. ಹುಟ್ಟಿನ ದೊಡ್ಡಸ್ತಿಕೆಯ ವಿರುದ್ಧ ವೇದಿಕೆ ಸಿಕ್ಕಿದಲ್ಲೆಲ್ಲ ಮಾತಾಡುವ ನಾನು ಈ ದ್ರೋಹವನ್ನು ಇಷ್ಟು ಸುಲಭವಾಗಿ ಹೇಗೆ ಹೊಟ್ಟೆಗೆ ಹಾಕಿಕೊಂಡೆ?

ನನ್ನ ಬದುಕನ್ನು ಹೇಳಿಕೊಳ್ಳುವಾಗ ನಾನು ಲೀ ಕಥೆಯನ್ನೇ ಹೇಳುತ್ತೇನೆ. ಸಣ್ಣ ಊರು, ಸರಕಾರಿ ಶಾಲೆ, ಬುದ್ಧಿವಂತನೇನಲ್ಲ, ಆದರೆ ಬಿಡದೆ ಓದಿದವನು, ಕಷ್ಟಪಟ್ಟು ಮೇಲೆ ಬಂದವನು. ಒಂದೂ ಸುಳ್ಳಲ್ಲ. ಆದರೆ ಅಪ್ಪ ಮೇಷ್ಟರಾಗಿದ್ದರು, ಮನೆಯಲ್ಲಿ ಎರಡು ಕಪಾಟು ಪುಸ್ತಕವಿತ್ತು, ಅರ್ಥವಾಗದ ಸಾಲನ್ನು ಕೇಳಲು ಪಡಸಾಲೆಗೆ ಬಂದರೆ ಸಾಕಿತ್ತು. ಇವು ನನ್ನ ಕಥೆಯಲ್ಲಿ ಬರುವುದೇ ಇಲ್ಲ. ಅದೇ ತರಗತಿಯಲ್ಲಿ ನನಗಿಂತ ಹೆಚ್ಚು ದುಡಿದು, ಹತ್ತನೇ ತರಗತಿಗೇ ಓದು ನಿಲ್ಲಿಸಿದವರಿದ್ದರು. ಲೀ ಅಂದರೆ ಅವರು. ನಾನು ನರುಟೊ: ತನಗೆ ಯಾರೂ ಇಲ್ಲ ಎಂದು ನಂಬಿಕೊಂಡೇ ಬೆಳೆದ, ಒಳಗೆ ಪಿತ್ರಾರ್ಜಿತ ಆಸ್ತಿ ಇಟ್ಟುಕೊಂಡ ಹುಡುಗ. ಕಿಶಿಮೊಟೊನ ಕಥೆಯಲ್ಲಿ ನಾನು ಕ್ಷಮಿಸುತ್ತಾ ಬಂದದ್ದು ನನ್ನ ಕಥೆಯ ಬಿರುಕನ್ನೇ. ಒಂದು ವ್ಯತ್ಯಾಸ, ಅವನು ಕೊನೆಗಾದರೂ ಅಪ್ಪನ ಹೆಸರು ಹೇಳಿದ.

ಇಷ್ಟು ಗೊತ್ತಾದ ಮೇಲೆ 48ನೇ ಕಂತು ಪೇಲವವಾಗಬೇಕಿತ್ತು. ಆಗಿಲ್ಲ. ಮತ್ತೆ ನೋಡಿದಾಗ ಕಣ್ಣಿಗೆ ಬಿದ್ದದ್ದು, ಮೊದಲೂ ಗೊತ್ತಿದ್ದ ಸಂಗತಿಯೇ: ಆ ಕಾಳಗದಲ್ಲಿ ಲೀ ಗೆಲ್ಲುವುದಿಲ್ಲ. ದೇಹದ ಎಂಟು ದ್ವಾರಗಳಲ್ಲಿ ಐದನ್ನು ತೆರೆದು ತನ್ನನ್ನೇ ಹರಿದುಕೊಂಡರೂ ಗಾರಾನ ಮರಳು ಅವನ ಎಡಗೈ ಎಡಗಾಲನ್ನು ಜಜ್ಜಿಬಿಡುತ್ತದೆ. ದುಡಿದವನು ಗೆಲ್ಲುತ್ತಾನೆ ಎಂದು ಕಥೆ ಅಲ್ಲಿ ಹೇಳಿರಲೇ ಇಲ್ಲ. ಹಾಗೆ ಕೇಳಿಸಿಕೊಂಡದ್ದು ನನ್ನ ಕಿವಿ. ಒಂದು ವಾರದಾಚೆ ತನ್ನ ಕಥೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದವನು ಆ ವಾರದ ಹುಡುಗನಿಗೆ ಇದ್ದಬದ್ದದ್ದೆಲ್ಲ ಕೊಟ್ಟುಬಿಡುತ್ತಾನೆ. ಮುಂದಿನದನ್ನೆಲ್ಲ ಲೆಕ್ಕ ಹಾಕಿ ಕೂತವನಾಗಿದ್ದರೆ ಪಕ್ಕದ ಪಾತ್ರಕ್ಕೆ ಇಷ್ಟು ದೊಡ್ಡ ಗಳಿಗೆ ಕೊಡಲು ಕೈ ಬರುತ್ತಿರಲಿಲ್ಲ. ನನ್ನ ಪೆನ್ಸಿಲ್ಲಿಗೆ ಸಿಕ್ಕಿದ್ದರೆ ಬಹುಶಃ ನಾನೇ ಅದನ್ನು ಹೊಡೆದುಹಾಕುತ್ತಿದ್ದೆ.

ಹೆಣ್ಣುಪಾತ್ರಗಳ ವಿಷಯ ಉಳಿಯಿತು. ನನ್ನ ತಂಗಿ ಕೇಳುತ್ತಿದ್ದಳು, “ಈ ಸಕುರಾ ಯಾವಾಗ ಹೊಡೀತಾಳೆ?” ಖಳ ಸಸೋರಿಯ ಎದುರು ಒಮ್ಮೆ ಹೊಡೆದಳು, ಚೆನ್ನಾಗಿಯೇ ಹೊಡೆದಳು. ಉಳಿದಂತೆ ಅಳು, ಔಷಧಿ, ಸಾಸುಕೆ. ತಂಗಿ ಅರ್ಧಕ್ಕೆ ಎದ್ದುಹೋದಳು. ನನಗೆ ಎದ್ದುಹೋಗಬೇಕು ಅನ್ನಿಸಲಿಲ್ಲ, ಯಾಕೆಂದರೆ ಆ ಕಥೆಯಲ್ಲಿ ನನಗೆ ಕೂರಲು ಜಾಗವಿತ್ತು.

ಇನ್ನು ಕೊನೆಯ ಖಳ ಕಗುಯಾ. ಅಲ್ಲಿಯವರೆಗಿನ ಮುಖ್ಯ ಖಳ ಮದಾರಾ ಗೆದ್ದೇಬಿಟ್ಟ ಎನ್ನುವ ಹೊತ್ತಿಗೆ ಹಿಂದಿನಿಂದ ಅವನದೇ ಕಡೆಯ ಜೆಟ್ಸು ತಿವಿದು, ಅವನ ಜಾಗಕ್ಕೆ ಚಂದ್ರಲೋಕದಂಥ ಬಿಳಿ ದೇವತೆಯೊಬ್ಬಳನ್ನು ತಂದು ನಿಲ್ಲಿಸಿದ್ದಕ್ಕೆ ನನ್ನ ಬಳಿ ಯಾವ ವಾದವೂ ಇಲ್ಲ, ಹುಡುಕುವ ಮನಸ್ಸೂ ಇಲ್ಲ. ಆ ಕಂತುಗಳನ್ನು ಓಡಿಸಿಕೊಂಡೇ ನೋಡುತ್ತೇನೆ.