ಹಳೇ ಹಾರ್ಡ್ ಡಿಸ್ಕಿನಾಗ ಇದ್ದ ಕಾಲುವೆ ಲೆಕ್ಕ

ಈ ಸಲ ಭತ್ತ, ಕಬ್ಬು ಬಿಟ್ಟು ಕಂಪ್ಯೂಟರ್ ವಿಷಯ ಬರೀತೀನಿ.

ಕಾಲುವೆಗೆ ನೀರು ಬಿಟ್ಟ ದಿನ, ಬಂದ್ ಆದ ದಿನ, ಸಸಿಮಡಿ ಹಾಕಿದ ದಿನ ಎಲ್ಲಾ ನಮ್ಮಣ್ಣ ಕಂಪ್ಯೂಟರಿನಾಗ ಬರೆದಿಡತಿದ್ದ. ಅವನು ತೀರಿಕೊಂಡ, ಕಂಪ್ಯೂಟರೂ ಕೆಟ್ಟು ಕೂತಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಎಲ್ಲರದೂ ಒಂದೇ ಪ್ರಶ್ನೆ: ಎರಡನೇ ಬೆಳೆಗೆ ನೀರು ಸಿಗತೈತಾ? ನೀರು ಕಮ್ಮಿ ಇದ್ದ ವರ್ಷ ಅಣ್ಣ ಏನು ಮಾಡಿದ್ದ ಅಂತ ನೋಡಬೇಕನಿಸ್ತು.

ಹೊಸಪೇಟೆಯ ರಿಪೇರಿ ಹುಡುಗ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದ. ಫೋಲ್ಡರ್ ತೆರೆಯೋಕೆ ಅನುಮತಿ ಇಲ್ಲ ಅಂತ ಬಂತು. ಪ್ರಾಪರ್ಟೀಸ್‌ನ ಸೆಕ್ಯುರಿಟಿಯಾಗ ಓನರ್ ಹೆಸರು ಬದಲಿಸಿದ, ತೆರೀತು. ಒಳಗ ನೋಡಿದ್ರೆ ಬರೀ ವಿಚಿತ್ರ ಗುರುತು. ಫೈಲ್ ಕೆಟ್ಟಿರಲಿಲ್ಲ, ಹಳೇ ನುಡಿ ಫಾಂಟಿನಾಗ ಬರೆದದ್ದು. ಆ ಫಾಂಟು ಇಂಗ್ಲಿಷ್ ಗುರುತುಗಳ ಜಾಗದಾಗ ಕನ್ನಡ ಅಕ್ಷರದ ತುಂಡು ಕೂರಿಸತಿತ್ತು. ಫಾಂಟ್ ಇಲ್ಲದಿದ್ರೆ ಓದಕ್ಕಾಗಲ್ಲ. ಯೂನಿಕೋಡಿಗೆ ಬದಲಿಸಿದ ಮೇಲೆ ಅಣ್ಣನ ಸಾಲು ಕಂಡಿತು: "ನೀರು ನಂಬಂಗಿಲ್ಲ. ಅರ್ಧಕ್ಕೆ ಜೋಳ." ನಾನೂ ಎರಡನೇ ಬೆಳೆಗೆ ಹಂಗೇ ಲೆಕ್ಕ ಹಾಕಿದೆ.

ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಡಿಸ್ಕ್ ತೆಗೆದಿಟ್ಕೊಳ್ರಿ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದ್ರೆ ಬ್ಯಾಡ ಅನ್ರಿ. ಟಕ್ ಟಕ್ ಸದ್ದು ಬಂದ್ರೆ ಕೂಡಲೇ ಬಂದ್ ಮಾಡಿ ತಿಳಿದವರಿಗೆ ಕೊಡ್ರಿ. ಮೊದಲು ಕಾಪಿ, ಆಮೇಲೆ ಓದೋದು. ಬೇಕಾದ್ದನ್ನ ಒಂದು ನೋಟ್ ಬುಕ್ಕಿನಾಗೂ ಬರೆದಿಡ್ರಿ.